ಜರಡಿ ಹಿಡಿದ ಹಾಡು

ಹಿಟ್ಟು ಜರಡಿ ಹಿಡಿದರೆ ಹೊಟ್ಟು ಮೇಲೆ ಉಳಿಯುತ್ತದೆ. ಅಡುಗೆಮನೆ ಕಂಡವರಿಗೆಲ್ಲ ಇದು ಗೊತ್ತು. ಆದರೆ ಸದ್ದನ್ನು ಜರಡಿ ಹಿಡಿಯುವ ಕಾಲ ಬಂದಾಗ, ಯಾವುದು ಹಿಟ್ಟು ಯಾವುದು ಹೊಟ್ಟು ಎಂದು ಯಂತ್ರಕ್ಕೆ ಹೇಳಿಕೊಟ್ಟವರು ಯಾರೆಂದು ಒಬ್ಬರೂ ಕೇಳಲಿಲ್ಲ. ಅಷ್ಟು ಹಿತವಾಗಿತ್ತು ಅದು.

ಹುರಳಿಕಾಳಿನಷ್ಟು ಚಿಕ್ಕ ಸಾಧನ. ಬೆಳಿಗ್ಗೆ ಹಲ್ಲುಜ್ಜಿ ಕಿವಿಯೊಳಗೆ ಇಟ್ಟುಕೊಂಡರೆ ಸಾಕು, ಪಕ್ಕದ ಮನೆಯ ಮಿಕ್ಸಿ, ಬೀದಿಯ ಹಾರ್ನು, ತಿರುಗುವ ಫ್ಯಾನಿನ ಕಿರಿಕಿರಿ ಎಲ್ಲ ಹೊರಗೇ ನಿಂತುಬಿಡುತ್ತಿದ್ದವು. ಕೊರಳಿನಿಂದ ಗಟ್ಟಿಯಾಗಿ ಹೊರಟದ್ದು, ಒಂದೇ ದಿಕ್ಕಿನಿಂದ ಬರುವುದು, ಮತ್ತೆ ಮತ್ತೆ ಅದೇ ಆಕಾರದಲ್ಲಿ ಬರುವುದು, ಇಂಥ ಸದ್ದಿಗೆ ಮಾತ್ರ ಒಳಗೆ ಪ್ರವೇಶ. ಗೊಣಗು, ಗುನುಗು, ನಿಟ್ಟುಸಿರು, ಪಾತ್ರೆಯ ಸದ್ದು, ಬಳೆಯ ಸದ್ದು ಇವೆಲ್ಲ ಹೊಟ್ಟು. ಜನ ಅದಕ್ಕೆ ಜರಡಿ ಎಂದೇ ಹೆಸರಿಟ್ಟರು. ಇಪ್ಪತ್ತು ವರ್ಷಗಳಲ್ಲಿ ಅದು ಚಪ್ಪಲಿಯಷ್ಟು ಸಾಮಾನ್ಯವಾಯಿತು.

ಅಂಬುಜಾಳ ಮನೆಯಲ್ಲಿ ಅದರ ನಿಯಮ ಹೀಗಿತ್ತು: ಗಂಡ ಶ್ರೀಶೈಲನಿಗೆ ಏನಾದರೂ ಹೇಳಬೇಕಾದರೆ ಮೊದಲು 'ರೀ' ಅನ್ನಬೇಕು. ಆ 'ರೀ' ಎಂಬುದು ಟಿಕೆಟ್ಟಿನ ಹಾಗೆ. ಅದಿದ್ದರೆ ಅದರ ಹಿಂದೆ ಬರುವ ಮಾತು ಅವನ ಕಿವಿ ಹೊಗುತ್ತದೆ, ಇಲ್ಲದಿದ್ದರೆ ಬಾಗಿಲಲ್ಲೇ ಉಳಿಯುತ್ತದೆ. ಧಾರವಾಡ ಬಿಟ್ಟು, ಟಾಂಜಾನಿಯಾದ ಉಸಂಬರಾ ಬೆಟ್ಟಸಾಲಿಗೆ ಬಂದು ಎಂಟು ವರ್ಷವಾಗಿದ್ದರೂ ಆ ಟಿಕೆಟ್ಟು ಬದಲಾಗಿರಲಿಲ್ಲ. ಅವನು ಬೆಟ್ಟದ ಕೆಳಗಿನ ಜಲವಿದ್ಯುತ್ ಘಟಕದಲ್ಲಿ ಇಂಜಿನಿಯರು. ಇಡೀ ದಿನ ಟರ್ಬೈನುಗಳ ಪಕ್ಕದಲ್ಲಿ ನಿಲ್ಲುವವನು. 'ಇದ ಇಲ್ಲದಿದ್ರ ನಾ ಹುಚ್ಚ ಆಗ್ತಿದ್ದೆ' ಎಂದು ಆಗಾಗ ಹೇಳುತ್ತಿದ್ದ. ಸುಳ್ಳಲ್ಲ.

ಅಂಬುಜಾಳ ಕೆಲಸ ಬೆಟ್ಟದ ಮೇಲಿನ ಪಕ್ಷಿ ಕೇಂದ್ರದಲ್ಲಿ. ಅಲ್ಲಿ ಆಕೆ ಹಕ್ಕಿಗಳಿಗೆ ಹಾಡು ಕಲಿಸುತ್ತಿದ್ದಳು.

ಕೇಳಿದವರು ನಗುತ್ತಿದ್ದರು. ಆದರೆ ನಗುವ ವಿಷಯವಾಗಿರಲಿಲ್ಲ. ಆ ಬೆಟ್ಟದ ದಟ್ಟ ಕಾಡಿನಲ್ಲಿ, ನೆಲಕ್ಕೆ ತಾಗಿಕೊಂಡ ಪೊದೆಗಳ ಕತ್ತಲಲ್ಲಿ, ಒಂದು ಸಣ್ಣ ಹಕ್ಕಿ ಇತ್ತು. ಬೆನ್ನು ಒಣಗಿದ ಎಲೆಯ ಬಣ್ಣ, ಎದೆ ತಿಳಿ ಕಿತ್ತಳೆ. ಕೊಂಬೆಯ ತುದಿಗೆ ಬಂದು ಕೂತು ಮೆರೆಯುವ ಜಾತಿ ಅದಲ್ಲ. ಮನುಷ್ಯರ ಹೆಜ್ಜೆ ಕೇಳಿದರೆ ಎಲೆಗಳ ಮರೆಗೆ ಸರಿದುಬಿಡುತ್ತದೆ. ಊರಿನವರು ಸ್ವಾಹಿಲಿಯಲ್ಲಿ ಅದಕ್ಕೆ ಕಿವುಲಿ, ಎಂದರೆ ನೆರಳು, ಎಂದು ಹೆಸರಿಟ್ಟಿದ್ದರು. ನಲವತ್ತು ವರ್ಷದ ಹಿಂದೆ ಒಂದು ಬೇಸಗೆಯಲ್ಲಿ ಕಾಡಿಗೆ ಬೆಂಕಿ ಬಿತ್ತು. ಹಕ್ಕಿಗಳು ಹೋದವು. ಉಳಿದದ್ದು ಕೆಲವು ಮೊಟ್ಟೆ, ಮತ್ತು ಹಿಂದಿನವರು ಕಾಡಿನಲ್ಲಿ ಕೂತು ಧ್ವನಿಮುದ್ರಿಸಿಟ್ಟ ಹಾಡು.

ಆ ಮೊಟ್ಟೆಗಳಿಂದಲೇ ಈ ಸಂತಾನ. ಹಾಡುಹಕ್ಕಿಯ ಮರಿಗೆ ಹಾಡು ಹುಟ್ಟಿನಿಂದ ಬರುವುದಿಲ್ಲ. ಚಿಕ್ಕಂದಿನಲ್ಲಿ ಕೆಲವು ವಾರ ಅಪ್ಪನ ಹಾಡು ಕಿವಿಗೆ ಬಿದ್ದರೆ ಮಾತ್ರ ಅದು ಕಲಿಯುತ್ತದೆ. ಆ ಬಾಗಿಲು ಒಮ್ಮೆ ಮುಚ್ಚಿದರೆ ಮುಗಿಯಿತು, ಮತ್ತೆ ತೆರೆಯುವುದಿಲ್ಲ. ಅಪ್ಪನಿಲ್ಲದ ಮರಿಗಳಿಗೆ ಕೇಂದ್ರದವರು ಪೊದೆಯೊಳಗೆ ಧ್ವನಿವರ್ಧಕ ಅಡಗಿಸಿ ಹಳೆಯ ಹಾಡನ್ನು ಕೇಳಿಸುತ್ತ ಬಂದಿದ್ದರು. ಗಂಡುಗಳು ಚೆನ್ನಾಗಿ ಕಲಿತವು. ಒಂದು ಸ್ವರ ಆಚೀಚೆ ಆಗುವಂತಿರಲಿಲ್ಲ. ಆದರೆ ನಲವತ್ತು ವರ್ಷದಲ್ಲಿ ಒಂದು ಜೋಡಿಯೂ ತಾನಾಗಿ ಗೂಡು ಕಟ್ಟಲಿಲ್ಲ.

ದೊಡ್ಡ ಬಲೆಮನೆಯಲ್ಲಿ ಗಂಡು ಹಾಡಲು ಶುರುಮಾಡಿದರೆ ಹೆಣ್ಣು ಹಾರಿ ದೂರದ ಮೂಲೆಗೆ ಹೋಗಿ, ಬಲೆಗೆ ಮುಖ ಮಾಡಿ ಕೂರುತ್ತಿತ್ತು. ಪ್ರತಿ ಸಲವೂ ಹಾಗೆಯೇ. ಕೃತಕ ಗರ್ಭಧಾರಣೆಯಿಂದ ಮೊಟ್ಟೆ ಇಡಿಸಿ, ಯಂತ್ರದಲ್ಲಿ ಕಾವು ಕೊಟ್ಟು ಹೇಗೋ ಎಳೆದುಕೊಂಡು ಬಂದದ್ದಾಯಿತು. ವರ್ಷದಿಂದ ವರ್ಷಕ್ಕೆ ಮೊಟ್ಟೆಗಳು ಜೊಳ್ಳಾಗುತ್ತ ಬಂದವು. ಈ ವರ್ಷ ಒಡೆದದ್ದು ಐದೇ. ಇವುಗಳ ನಂತರ ಇನ್ನು ಆಗದು ಎಂದು ವೈದ್ಯರು ಕೈಚೆಲ್ಲಿದ್ದರು. ಈ ಐದು ಮರಿಗಳು ದೊಡ್ಡವಾಗಿ ತಾವಾಗಿ ಜೊತೆಗೂಡಿದರೆ ಕಿವುಲಿ ಉಳಿಯುತ್ತದೆ, ಇಲ್ಲದಿದ್ದರೆ ಇಲ್ಲ.

"ಈ ಸಲವೂ ಅದೇ ಹಾಡಾ?" ಬಲೆಮನೆಯ ಕೆಲಸದ ಹಲೀಮಾ ಮರಿಗಳಿಗೆ ಹುಳದ ತಟ್ಟೆ ಇಡುತ್ತ ಕೇಳಿದಳು. "ಪಾಪ, ಆ ಹೆಣ್ಣುಗಳ ಕಡೆ ನೋಡು. ಒಂದೇ ಉಸಿರಿಗೆ ಹಾಡುವ ಇವನನ್ನು ಯಾರು ಮದುವೆಯಾಗುತ್ತಾರೆ? ನನ್ನ ಅತ್ತಿಗೆಯ ಗಂಡನೂ ಹೀಗೇ. ಅವನು ಬಂದನೆಂದರೆ ನಾವೆಲ್ಲ ಬಟ್ಟೆ ಒಗೆಯಲು ಹೋಗುತ್ತೇವೆ."

"ಹಕ್ಕಿ ಬಟ್ಟೆ ಒಗೆಯಲು ಎಲ್ಲಿಗೆ ಹೋಗಬೇಕು?" ಎಂದು ಅಂಬುಜಾ ನಕ್ಕಳು.

"ಅದಕ್ಕೇ ಮೂಲೆಗೆ ಹೋಗಿ ಕೂತಿರೋದು."

ಅಂಬುಜಾ ಧ್ವನಿಯಂತ್ರದ ಗುಂಡಿ ಒತ್ತಿದಳು. ಪೊದೆಯೊಳಗಿಂದ ಹಾಡು ಎದ್ದಿತು. ಚೊಕ್ಕವಾದ, ಕಲೆಯಿಲ್ಲದ ಹಾಡು. ತೊಳೆದಿಟ್ಟ ಗಾಜಿನಂತೆ.

ಅದಾಗಿ ಕೆಲವು ದಿನಗಳ ನಂತರ ಅಂಬುಜಾಳ ಜರಡಿ ರೊಟ್ಟಿಯ ಹಿಟ್ಟಿನೊಳಗೆ ಬಿತ್ತು. ಕಿವಿ ತುರಿಸಿತೆಂದು ತೆಗೆದು ಪರಾತದ ಅಂಚಿಗೆ ಇಟ್ಟಿದ್ದಳು, ಜೊತೆಗೇ ಇದ್ದ ಅತ್ತೆ ನೋಡದೆ ನಾದಿಬಿಟ್ಟರು. ಹುಡುಕಿ ತೆಗೆದು, ತೊಳೆದು, ಕಿಟಕಿಯ ಬಿಸಿಲಿಗೆ ಒಣಗಲು ಇಟ್ಟರು. ಬರಿಗಿವಿಯಲ್ಲಿ ಅಡುಗೆಮನೆಯಲ್ಲಿ ಕೂರುವುದು ಎಷ್ಟೋ ವರ್ಷಗಳಲ್ಲಿ ಅದೇ ಮೊದಲು. ಒಲೆಯ ಭರ್ ಸದ್ದು, ಹಂಚಿನ ಮೇಲೆ ನೀರು ಸವರಿದಾಗಿನ ಚುಂಯ್ ಸದ್ದು, ಅತ್ತೆಯ ಕೈಯಡಿಯಲ್ಲಿ ತಿರುಗುತ್ತ ದೊಡ್ಡದಾಗುವ ರೊಟ್ಟಿಯ ತಟತಟ. ಇಷ್ಟೊಂದು ಗದ್ದಲದಲ್ಲಿ ತಾನು ದಿನವೂ ಇರುತ್ತೇನೆಯೇ ಎಂದು ಆಕೆಗೆ ಅಚ್ಚರಿಯಾಯಿತು.

ಹೊರಗೆ ಪಡಸಾಲೆಯಲ್ಲಿ ಶ್ರೀಶೈಲ ಹುಬ್ಬಳ್ಳಿಯ ಅಣ್ಣನ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದ.

"ಹೂಂ ಅಣ್ಣಾ, ಇಲ್ಲೆ ಎಲ್ಲಾ ಆರಾಮ."

"ಆರಾಮಂತ ಆರಾಮ," ಎಂದಿತು ಪಕ್ಕದಿಂದ ಒಂದು ಸಣ್ಣ ದನಿ. "ಮೊಣಕಾಲು ಯಾರವು ನೋಯಾಕತ್ತಾವ?"

ಅಂಬುಜಾ ತಿರುಗಿ ನೋಡಿದಳು. ಅತ್ತೆ ಬಸಲಿಂಗವ್ವ ತಲೆ ಎತ್ತದೆ ರೊಟ್ಟಿ ತಟ್ಟುತ್ತಿದ್ದರು. ತುಟಿ ಮಾತ್ರ ಅಲುಗುತ್ತಿತ್ತು.

"ಅವ್ವನೂ ಈ ಊರಿಗೆ ಹೊಂದ್ಕೊಂಡಾಳ," ಎಂದ ಶ್ರೀಶೈಲ.

"ಹೊಂದ್ಕೊಳ್ಳದ ಎಲ್ಲಿ ಹೋಗ್ಲಿ? ಸಮುದ್ರ ಈಜಿ ಬರ್ಲೇನು?"

"ಜ್ವಾಳಾ ಸಿಗ್ತದಪಾ. ಇಲ್ಲಿ ಮಂದಿ ಮ್ತಾಮಾ ಅಂತಾರ ಅದಕ್ಕ."

"ಏನರೆ ಅನ್ಲಿ, ಜಿಗಟು ಇಲ್ಲ. ತಟ್ಟಿದ್ರ ಅಂಚು ಹರೀತದ. ತಿನ್ನಾವಗೇನ ಗೊತ್ತು."

"ಅವ್ವ ಈಗ ಮೊದಲಿನಂಗ ಭಾಳ ಮಾತಾಡೂದಿಲ್ಲ ನೋಡು. ಶಾಂತ ಆಗಿಬಿಟ್ಟಾಳ."

ತಟತಟ ನಿಂತಿತು. "ಶಾಂತ!" ಬಸಲಿಂಗವ್ವ ಹಿಟ್ಟಿನ ಕೈಯನ್ನು ಸೊಂಟಕ್ಕೆ ಇಟ್ಟರು. "ಕಿವ್ಯಾಗ ಕಲ್ಲ ತುರುಕ್ಕೊಂಡು ಅವ್ವ ಶಾಂತ ಅಂತಾನ, ಮಾರಾಯ!"

ಅಂಬುಜಾಳಿಗೆ ನಗು ತಡೆಯಲಾಗಲಿಲ್ಲ. ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು. "ಅತ್ತೀ, ದಿನಾ ಹಿಂಗ ಉತ್ತರಾ ಕೊಡ್ತೀರೇನ್ರಿ ಅವರಿಗೆ?"

"ಕೊಡ್ಲಾರದ ಏನು? ನಿನಗೂ ಕೊಡ್ತೀನಿ."

"ನನಗೂ?"

"ನಿನ್ನೆ ಪಲ್ಯಾ ಏನ್ ಮಾಡ್ಲಿ ಅಂತ ನಿನ್ನಷ್ಟಕ್ಕ ನೀನ ಅಂದ್ಕೊಂಡಿ. ಬದನಿಕಾಯಿ ಮಾಡು ಅಂದೆ. ನೀ ಹೋಗಿ ಬೆಂಡಿಕಾಯಿ ಹೆಚ್ಚಿದಿ."

"ಗಟ್ಟ್ಯಾಗಿ ಹೇಳಬಾರದಾಗಿತ್ತಾ?"

"ಗಟ್ಟ್ಯಾಗಿ ಹೇಳಿದ್ರ ಅದು ಜಗಳಾ ಆಗ್ತದವ್ವಾ. ಕೆಲವು ಮಾತು ಸಣ್ಣ ದನ್ಯಾಗ ಹೇಳೂವ ಇರ್ತಾವ." ಅವರು ಮತ್ತೆ ರೊಟ್ಟಿಗೆ ಕೈ ಹಾಕಿದರು. "ಅವ ಮಾತಿನ ನಡುವ ಉಸರು ತಗೋತಾನಲ್ಲ, ಆ ಸಂದಿನ್ಯಾಗ ಹೇಳಿ ಮುಗಿಸಿಬಿಡಬೇಕು. ನಮ್ಮಜ್ಜಿ ಬೀಸೂಕಲ್ಲಿನ ಮುಂದ ಪದಾ ಹೇಳಾಗ ನಾ ಸೊಲ್ಲ ಹಿಡೀತಿದ್ದೆ. ಆಕಿ ನಿಲ್ಲಿಸಿದ ಕೂಡ್ಲೆ ನಾ. ಆಕಿ ನಿಲ್ಲಿಸದ ಒಂದ ಸವನ ಹೇಳ್ಕೋತ ಹೋಗಿದ್ರ, ನಾ ಯಾಕ ಕೂಡ್ತಿದ್ದೆ ಅಲ್ಲೆ? ಎದ್ದು ಆಡಾಕ ಹೋಗ್ತಿದ್ದೆ."

ಅಂಬುಜಾ ಬೆಂದ ರೊಟ್ಟಿಯನ್ನು ಬುಟ್ಟಿಗೆ ಹಾಕಿದಳು. ಅತ್ತೆ ಎಷ್ಟು ವರ್ಷದಿಂದ ಹೀಗೆ ಮಾತಾಡುತ್ತಿದ್ದಾರೋ. ಆ ಮಾತಿನಲ್ಲಿ ಸಿಟ್ಟಿತ್ತು, ತಮಾಷೆ ಇತ್ತು, ಮೊಣಕಾಲಿನ ನೋವಿತ್ತು, ಬದನೆಕಾಯಿಯ ಆಸೆಯಿತ್ತು. ಒಂದೂ ಯಾರಿಗೂ ತಲುಪಿರಲಿಲ್ಲ. ತನ್ನದೋ? ತಾನು ಕೊನೆಯ ಸಲ ಟಿಕೆಟ್ಟಿಲ್ಲದ ಮಾತು ಆಡಿದ್ದು ಯಾವಾಗ? ಮದುವೆಯಾದ ಹೊಸದರಲ್ಲಿ ಆಕೆ ಅರ್ಧರ್ಧ ಮಾತಾಡುತ್ತಿದ್ದಳು. 'ಅಯ್ಯ, ಈ ಮೋಡ...' ಎಂದು ಶುರುಮಾಡಿ ಬಿಟ್ಟುಬಿಡುವುದು, ಅವನು ಹೂಂ ಅನ್ನುವುದು. ಆಮೇಲೆ 'ರೀ' ಬಂತು. 'ರೀ, ಗ್ಯಾಸ್ ಮುಗಿದದ.' 'ರೀ, ನಾಳೆ ಅವ್ವಗ ದವಾಖಾನಿ ಐತಿ.' ಟಿಕೆಟ್ಟು ತೆಗೆಯುವಷ್ಟು ತೂಕವಿಲ್ಲದ ಮಾತುಗಳು ಒಂದೊಂದಾಗಿ ನಿಂತುಹೋದವು. ಮೋಡದ ಬಗ್ಗೆ ಆಕೆ ಮಾತಾಡುವುದನ್ನೇ ಬಿಟ್ಟಿದ್ದಳು. ಬಿಟ್ಟದ್ದು ತಿಳಿದೇ ಇರಲಿಲ್ಲ.

ಆಮೇಲೆ, ಬೆಟ್ಟ ಹತ್ತುವ ಬಸ್ಸಿನಲ್ಲಿ, ಅತ್ತೆಯ ಇನ್ನೊಂದು ಮಾತು ಮನಸ್ಸಿಗೆ ಚುಚ್ಚಿತು. ಆಕಿ ನಿಲ್ಲಿಸದ ಒಂದ ಸವನ ಹೇಳ್ಕೋತ ಹೋಗಿದ್ರ, ನಾ ಯಾಕ ಕೂಡ್ತಿದ್ದೆ?

ಜರಡಿ ಕಿಟಕಿಯಲ್ಲೇ ಉಳಿದಿತ್ತು. ಕೇಂದ್ರದ ಆಲಿಸುವ ಕೋಣೆಯಲ್ಲಿ ಆಕೆ ಬರಿಗಿವಿಗೆ ಹೆಡ್‌ಫೋನು ಹಾಕಿಕೊಂಡು ಹಳೆಯ ಹಾಡನ್ನು ಮತ್ತೆ ಕೇಳಿದಳು. ಸಾವಿರ ಸಲ ಕೇಳಿದ ಹಾಡು. ಈಗ ಅದರಲ್ಲಿ ಏನೋ ಎಡವುತ್ತಿತ್ತು.

ಕಾಡಿನಲ್ಲಿ ಯಾವ ಸದ್ದೂ ಥಟ್ಟನೆ ನಿಲ್ಲುವುದಿಲ್ಲ. ಮರದಿಂದ ಮರಕ್ಕೆ ಬಡಿದು, ತೆಳ್ಳಗಾಗಿ, ಒಂದು ಎಳೆಯಾಗಿ ಕರಗುತ್ತದೆ. ಈ ಹಾಡಿನ ಒಂದೊಂದು ಸಾಲಿನ ಕೊನೆಯಲ್ಲೂ ಆ ಎಳೆ ಶುರುವಾಗಿ, ಕರಗುವ ಮೊದಲೇ ಕತ್ತರಿಸಿ ಹೋಗಿತ್ತು. ತಕ್ಷಣ ಮುಂದಿನ ಸಾಲು. ಕಿವಿಗೆ ಜರಡಿ ಹಾಕಿಕೊಂಡವರಿಗೆ ಇದು ಕೇಳುವುದೇ ಇಲ್ಲ, ಏಕೆಂದರೆ ಜರಡಿಯ ಲೆಕ್ಕದಲ್ಲಿ ಪ್ರತಿಧ್ವನಿಯೂ ಹೊಟ್ಟೇ.

ನಡೆದದ್ದೇನೆಂದು ಆಕೆಗೆ ನಿಧಾನವಾಗಿ ಹೊಳೆಯಿತು. ಜರಡಿ ಮೊದಲು ತಯಾರಾದದ್ದು ಮನುಷ್ಯರ ಕಿವಿಗಲ್ಲ, ಇಂಥ ಕಾಡಿನ ಮುದ್ರಣಗಳನ್ನು ಶುಚಿ ಮಾಡುವುದಕ್ಕೇ. ಅದು ಗಟ್ಟಿ ಹಾಡನ್ನು ಇಟ್ಟುಕೊಂಡು ಉಳಿದದ್ದನ್ನು ಅಳಿಸುತ್ತಿತ್ತು. ಅಳಿಸಿದ ಮೇಲೆ ನಡುವೆ ಖಾಲಿ ಜಾಗ ಉಳಿಯುತ್ತದಲ್ಲ, ಖಾಲಿ ಜಾಗವನ್ನು ಯಾರು ಜೋಪಾನ ಮಾಡುತ್ತಾರೆ? ಅದನ್ನೂ ಕತ್ತರಿಸಿ, ಸಾಲಿಗೆ ಸಾಲು ಅಂಟಿಸಿ ಇಡುವುದು ಆಗಿನ ರೂಢಿ. ಮೂಲ ಮುದ್ರಣಗಳನ್ನು ಜಾಗ ಸಾಲದೆಂದು ಎಂದೋ ಅಳಿಸಿದ್ದರು. ಯಾರೂ ಕೆಟ್ಟದ್ದು ಮಾಡಿರಲಿಲ್ಲ. ಎಲ್ಲರೂ ಶುಚಿ ಮಾಡಿದ್ದರು, ಅಷ್ಟೆ.

ಒಂದನ್ನು ಮಾತ್ರ ಜರಡಿಗೆ ಪೂರ್ತಿ ಅಳಿಸಲಾಗಿರಲಿಲ್ಲ. ಜೀರುಂಡೆಗಳು. ಹಾಡಿನ ಹಿಂದೆ, ಬಹಳ ಆಳದಲ್ಲಿ, ಅವುಗಳ ದನಿ ಅಲೆಯಂತೆ ಏರಿ ಇಳಿಯುತ್ತಿತ್ತು. ಒಂದೊಂದು ಸಾಲಿನ ಬೆಸುಗೆಯಲ್ಲೂ ಆ ಅಲೆ ಹಾರಿಬೀಳುತ್ತಿತ್ತು, ಏರುತ್ತಿದ್ದದ್ದು ಮರುಕ್ಷಣ ಇಳಿಯುತ್ತಿತ್ತು. ನಡುವೆ ಎಷ್ಟು ಅಲೆ ಕಳೆದುಹೋಗಿರಬೇಕೆಂದು ಲೆಕ್ಕ ಹಾಕಿದರೆ, ಕತ್ತರಿಸಿದ ಜಾಗ ಎಷ್ಟು ಉದ್ದವಿತ್ತೆಂದು ಹೆಚ್ಚುಕಡಿಮೆ ಸಿಗುತ್ತದೆ. ಅಂಬುಜಾ ಎರಡು ದಿನ ಅದನ್ನೇ ಮಾಡಿದಳು. ಯಾವ ಮುದ್ರಣ ತೆಗೆದರೂ, ಯಾವ ಸಾಲು ನೋಡಿದರೂ, ಉತ್ತರ ಒಂದೇ ಆಸುಪಾಸು. ಒಂದೂವರೆ ಉಸಿರಿನಷ್ಟು ಜಾಗ.

ಕೇಂದ್ರದ ನಿರ್ದೇಶಕ ಡಾಕ್ಟರ್ ಶೆಂಬೋಕೊ ಎಲ್ಲವನ್ನೂ ತಾಳ್ಮೆಯಿಂದ ಕೇಳಿದರು. ಎತ್ತರದ ಮನುಷ್ಯ, ತಲೆ ಪೂರ್ತಿ ಬೆಳ್ಳಗೆ. ಈ ಬೆಟ್ಟದಲ್ಲೇ ಹುಟ್ಟಿದವರು. ಸಿಟ್ಟು ಬಂದಾಗ ಇನ್ನಷ್ಟು ಮೆತ್ತಗೆ ಮಾತಾಡುತ್ತಾರೆಂದು ಕೇಂದ್ರದಲ್ಲೆಲ್ಲ ಗೊತ್ತಿತ್ತು. ಈಗ ಬಹಳ ಮೆತ್ತಗೆ, ಹೆಂಗಸರನ್ನು 'ಮಾಮಾ', ಎಂದರೆ ಅಮ್ಮ, ಎಂದು ಕರೆಯುವ ಆ ಊರಿನ ರೂಢಿಯಲ್ಲೇ ಮಾತಾಡಿದರು.

"ಮಾಮಾ ಅಂಬುಜಾ, ಇದೊಂದು ತೂತಿನ ಕಥೆ. ತೂತು ಇತ್ತು, ಒಪ್ಪಿದೆ. ಅದರಲ್ಲಿ ಏನಿತ್ತು? ಗಾಳಿ ಇದ್ದೀತು. ಎಲೆ ಬಿದ್ದಿದ್ದೀತು."

"ಪ್ರತಿ ಸಾಲಿನ ಕೊನೆಯಲ್ಲೂ, ಅಷ್ಟೇ ಹೊತ್ತು, ತಪ್ಪದೆ ಎಲೆ ಬೀಳುತ್ತದೆಯೇ ಡಾಕ್ಟರ್?"

"ಹೆಣ್ಣು ಹಾಡುತ್ತಿತ್ತು ಎನ್ನುತ್ತೀರಾ?"

"ಹಾಡೋ, ಗೊಣಗೋ, ನನಗೆ ಗೊತ್ತಿಲ್ಲ. ಸಣ್ಣ ದನಿಯಲ್ಲಿ ಏನೋ ಹೇಳುತ್ತಿತ್ತು. ಜರಡಿ ಅದನ್ನು ಕಸವೆಂದು ಗುಡಿಸಿತು. ನೋಡಲು ಗಂಡು ಹೆಣ್ಣು ಒಂದೇ ಥರ. ಪೊದೆಯ ಕತ್ತಲಲ್ಲಿ ಹಾಡು ಕೇಳಿದವರು ಒಂದೇ ಹಕ್ಕಿಯದೆಂದು ತಿಳಿದರು."

"ಈಗೇನು ಮಾಡೋಣ ಅನ್ನುತ್ತೀರಿ?"

"ಮರಿಗಳ ಕಲಿಯುವ ಕಾಲ ಇನ್ನೂ ಮುಗಿದಿಲ್ಲ. ಪಾಠದ ಹಾಡಿನಲ್ಲಿ ಸಾಲಿಗೂ ಸಾಲಿಗೂ ನಡುವೆ ಆ ಜಾಗ ಬಿಡೋಣ."

ಅವರು ಎದ್ದು ಕಿಟಕಿಯ ಬಳಿ ನಿಂತರು. "ಐದು ಮರಿ. ಒಂದರ ದನಿ ಇನ್ನೊಂದಕ್ಕೆ ಕೇಳುತ್ತದೆ. ಎರಡಕ್ಕೆ ಹೀಗೆ, ಮೂರಕ್ಕೆ ಹಾಗೆ ಎಂದು ಪ್ರಯೋಗ ಮಾಡುವ ಹಾಗಿಲ್ಲ. ನೀವು ತಪ್ಪಿದ್ದರೆ ಎಲ್ಲವೂ ಹರಿದ ಹಾಡು ಕಲಿಯುತ್ತವೆ. ತಿದ್ದಲು ಇನ್ನೊಂದು ಸಲ ಇಲ್ಲ. ಆ ಕಾಡಿನದು ಅಂತ ನನ್ನ ಹತ್ತಿರ ಉಳಿದಿರುವುದು ಆ ಹಾಡೊಂದೇ. ಅದನ್ನು ಹರಿಯಲಾ?"

"ಸರಿಯಾದ ಹಾಡು ಹಾಡಿ ನಲವತ್ತು ವರ್ಷ ಆಯಿತಲ್ಲ ಡಾಕ್ಟರ್. ಒಂದು ಗೂಡು?"

ಮಾತು ಹೊರಬಿದ್ದ ಮೇಲೆ ಹೆಚ್ಚಾಯಿತೇನೋ ಅನ್ನಿಸಿತು. ಶೆಂಬೋಕೊ ಕಿಟಕಿಯ ಹೊರಗೆ ನೋಡುತ್ತಲೇ, ಬೇರೆ ಯಾವುದೋ ವಿಷಯವೆಂಬಂತೆ ಹೇಳಿದರು. "ಬೆಂಕಿ ಬಿದ್ದಾಗ ನಾನು ವಿದ್ಯಾರ್ಥಿ. ಮೊಟ್ಟೆಗಳನ್ನು ಅಂಗಿಯೊಳಗೆ, ಹೊಟ್ಟೆಗೆ ತಾಗಿಸಿಕೊಂಡು ಇಳಿದು ಬಂದೆ. ಕೊನೆಯ ಗೂಡಿನ ಹಕ್ಕಿ ನನ್ನ ಹಿಂದೆಯೇ ಬಂತು. ಮನುಷ್ಯರನ್ನು ಕಂಡರೆ ಅಡಗುವ ಹಕ್ಕಿ, ನೆಲದ ಮೇಲೆ ಕುಪ್ಪಳಿಸುತ್ತ, ನನ್ನ ಕಾಲಿನ ಹತ್ತಿರವೇ. ತೊರೆಯ ತನಕ ಬಂತು."

"ಅದು ಏನಾದರೂ ಸದ್ದು ಮಾಡಿತೇ?"

ಶೆಂಬೋಕೊ ಕಣ್ಣು ಮುಚ್ಚಿದರು. ನೆನಪಿನ ತಳಕ್ಕೆ ಕೈ ಹಾಕಿ ತಡಕುವವರಂತೆ ಅವರ ಮುಖ ಬಿಗಿಯಿತು. "ಬಾಯಿ ತೆರೆಯುತ್ತಿತ್ತು," ಎಂದರು. "ಬಾಯಿ ತೆರೆಯುತ್ತಿದ್ದದ್ದು ನೆನಪಿದೆ. ಆದರೆ ಬೆಂಕಿ ಅಷ್ಟು ಜೋರಾಗಿತ್ತು ಮಾಮಾ. ನನಗೆ ಕೇಳಲಿಲ್ಲ."

ಅವರು ಬಾಗಿಲ ಕಡೆ ಹೊರಟು, ತಿರುಗದೆ ಹೇಳಿದರು: "ಜಾಗ ಬಿಡಿ."

ಹಳೆಯ ಹಾಡಿನ ದೊಡ್ಡ ಹಕ್ಕಿಗಳನ್ನು ದನಿ ಕೇಳದಷ್ಟು ದೂರದ ಬಲೆಮನೆಗೆ ಸಾಗಿಸಿದರು. ಮಾರನೆಯ ಬೆಳಿಗ್ಗೆಯಿಂದ ಪೊದೆಯೊಳಗಿನ ಹಾಡು ಬದಲಾಯಿತು. ಒಂದು ಸಾಲು. ಆಮೇಲೆ ಏನೂ ಇಲ್ಲ. ಮತ್ತೊಂದು ಸಾಲು. ಆ 'ಏನೂ ಇಲ್ಲ'ದ ಹೊತ್ತಿನಲ್ಲಿ ಅಂಬುಜಾ ತನ್ನ ಉಸಿರು ಎಣಿಸುತ್ತಿದ್ದಳು. ಮರಿಗಳು ಕತ್ತು ಓರೆ ಮಾಡಿ ಕೇಳುತ್ತಿದ್ದವು. ಮೊದಲು ಕೆಲವೇ ದಿನ ಕೇಳಿದ್ದು ಅವುಗಳಲ್ಲಿ ಇನ್ನೂ ಬೇರೂರಿರಲಿಲ್ಲ, ಇನ್ನು ಅವುಗಳಿಗೆ ಇದೇ ಹಾಡು. ಬದಲಿಸಿದವಳು ತಾನು. ತೊಟ್ಟಿಲ ಮಗುವಿಗೆ ತಿಳಿಯದ ಔಷಧ ಕುಡಿಸಿದ ತಾಯಿಯ ಹಾಗೆ ಆಕೆ ದಿನವೂ ಅವುಗಳ ಮುಖ ನೋಡುತ್ತಿದ್ದಳು.

ಮನೆಯಲ್ಲಿ ಒಂದು ಭಾನುವಾರ, ಊಟಕ್ಕೆ ಕೂತಾಗ ಹೇಳಿದಳು: "ರೀ, ಇವತ್ತೊಂದಿನ ಅದನ್ನ ತಗದಿಡ್ರಿ."

"ಯಾಕ?"

"ನಿಮ್ಮವ್ವ ಮಾತಾಡ್ತಾರ."

"ಮಾತಾಡ್ಲಿ. ನನಗ ಹೇಳಿದ್ದು ನನಗ ಕೇಳಸ್ತದ."

"ಇಲ್ಲ. ಕೇಳಸೂದಿಲ್ಲ."

ಹೆಂಡತಿಯ ದನಿಯಲ್ಲಿ ಏನು ಕಂಡನೋ, ಶ್ರೀಶೈಲ ಜರಡಿ ತೆಗೆದು ಶೇಂಗಾ ಹಿಂಡಿಯ ಬಟ್ಟಲಿನ ಪಕ್ಕದಲ್ಲಿಟ್ಟ. ಮೊದಲ ರೊಟ್ಟಿಗೆ ಅವನ ಹುಬ್ಬು ಮೇಲೇರಿತು. ಎರಡನೆಯದಕ್ಕೆ ಕಿವಿ ಕೆಂಪಾಯಿತು. ಮೂರನೆಯ ರೊಟ್ಟಿ ಕೈಯಲ್ಲೇ ಉಳಿಯಿತು.

"ಇದೆಲ್ಲಾ ದಿನಾ ಅಂತೀಯೇನವ್ವಾ?"

"ದಿನಾ."

"ಇಪ್ಪತ್ತು ವರ್ಷದಿಂದ?"

"ನಡುವ ಒಂದ ಮಳಿಗಾಲ ಗಂಟಲಾ ಕೆಟ್ಟಿತ್ತು. ಆಗ ಬಿಟ್ಟಿದ್ದೆ."

ಶ್ರೀಶೈಲ ನಗಬೇಕೋ ಬೇಡವೋ ತಿಳಿಯದೆ ಹೆಂಡತಿಯ ಕಡೆ ನೋಡಿದ. ಊಟ ಮುಗಿದ ಮೇಲೆ ಜರಡಿಯನ್ನು ಒರೆಸಿ ಮತ್ತೆ ಕಿವಿಗೆ ಇಟ್ಟುಕೊಂಡ. "ಒಮ್ಮಿಗೆ ಇಷ್ಟ ಸಾಕು," ಎಂದ. ಅಂಬುಜಾ ಒತ್ತಾಯ ಮಾಡಲಿಲ್ಲ. ಆದರೆ ಮುಂದಿನ ಭಾನುವಾರ ಆಕೆ ಕೇಳುವ ಮೊದಲೇ ತೆಗೆದಿಟ್ಟಿದ್ದ. ಸಂಜೆ ಅಂಗಳದಲ್ಲಿ ಬಟ್ಟೆ ತೆಗೆಯುತ್ತ ಅಂಬುಜಾ ಆಕಾಶ ನೋಡಿ 'ಅಯ್ಯ, ಈ ಮೋಡ...' ಎಂದಳು. ಹಿಂದಿನಿಂದ ಶ್ರೀಶೈಲನ ದನಿ 'ಹೂಂ' ಎಂದಿತು. ಆಕೆ ತಿರುಗಿ ನೋಡಲಿಲ್ಲ. ನೋಡಿದರೆ ಅಳು ಬಂದೀತೆಂದು ಒಣಗಿದ ಸೀರೆಯನ್ನು ಎರಡು ಸಲ ಮಡಿಸಿದಳು.

ಬೆಟ್ಟದ ಮೇಲೆ ತಿಂಗಳುಗಳು ಕಳೆದವು. ಮರಿಗಳಲ್ಲಿ ಎರಡು ಗಂಡು, ಮೂರು ಹೆಣ್ಣು. ಗಂಡುಗಳು ಮೊದಲು ತೊದಲಿದವು, ಆಮೇಲೆ ಸಾಲು ಕಟ್ಟಿದವು, ಕಲಿಸಿದಂತೆಯೇ ಹಾಡಿದವು. ಸಾಲು, ಖಾಲಿ, ಸಾಲು, ಖಾಲಿ. ಹೆಣ್ಣುಗಳು ಮೂಲೆಗೆ ಓಡಲಿಲ್ಲ. ಹಾಗೆಂದು ಬಾಯಿ ಬಿಡಲೂ ಇಲ್ಲ. ಗಂಡು ಹಾಡಿದಾಗ ಹತ್ತಿರದ ಕೊಂಬೆಯಲ್ಲಿ ಕೂತು ಕೇಳುತ್ತಿದ್ದವು. ಖಾಲಿ ಜಾಗ ಖಾಲಿಯಾಗಿಯೇ ಕಳೆದುಹೋಗುತ್ತಿತ್ತು.

"ನಾಚಿಕೆ," ಎಂದಳು ಹಲೀಮಾ.

"ಅಥವಾ ಹೇಳಲು ಏನೂ ಇಲ್ಲವೇನೋ," ಎಂದಳು ಅಂಬುಜಾ. ಅದೇ ಆಕೆಯ ಭಯ. ಜಾಗವನ್ನು ತಾನು ಬಿಟ್ಟುಕೊಟ್ಟೆ, ಸರಿ. ಆದರೆ ಅಲ್ಲಿ ಹೇಳುವ ಮಾತನ್ನು ಯಾವ ತಾಯಿ ಇವುಗಳಿಗೆ ಕಲಿಸಿದ್ದಾಳೆ? ನಲವತ್ತು ವರ್ಷದಲ್ಲಿ ಎಷ್ಟು ತಲೆಮಾರು ಹೆಣ್ಣುಗಳು ಬಲೆಗೆ ಮುಖ ಮಾಡಿ ಕೂತು ಸತ್ತಿವೆ. ಬಾಯಿಯಿಂದ ಕಿವಿಗೆ ಬರುವುದು ಒಮ್ಮೆ ತಪ್ಪಿದರೆ ಆಮೇಲೆ ಎಲ್ಲಿಂದ ತರುವುದು? ಹರಿದ ಹಾಡು ಎಂದಿದ್ದರು ಶೆಂಬೋಕೊ. ಅವರು ಆಮೇಲೆ ಒಂದು ದಿನವೂ ಅದನ್ನು ಎತ್ತಲಿಲ್ಲ. ಎತ್ತಿದ್ದರೆ ಹಗುರವಾಗುತ್ತಿತ್ತೇನೋ.

ವರ್ಷದ ಎರಡನೆಯ, ಸಣ್ಣ ಮಳೆಗಾಲ ಶುರುವಾಯಿತು. ಮೊದಲ ಮಳೆ ನಿಂತ ಬೆಳಿಗ್ಗೆ ಬಲೆಮನೆಯ ನೆಲದಲ್ಲಿ ಸಿಯಾಫು ಇರುವೆಗಳು ದಾರಿ ಕಟ್ಟಿಕೊಂಡು ಹೊರಟವು. ಅವು ಹೊರಟರೆ ಎಲೆಗಳಡಿಯ ಹುಳುಹುಪ್ಪಟೆ ಜೀವ ಉಳಿಸಿಕೊಳ್ಳಲು ಮೇಲೆದ್ದು ಓಡುತ್ತವೆ, ಕಿವುಲಿಗಳಿಗೆ ಅದೇ ಹಬ್ಬ. ತಡಿಕೆಯ ಮರೆಯಲ್ಲಿ ಅಂಬುಜಾ, ಹಲೀಮಾ, ಶೆಂಬೋಕೊ ಮೂವರೂ ಕೂತಿದ್ದರು. ಕಾಲಿಗೆ ಗುರುತಿನ ಹಳದಿ ಬಳೆ ಹಾಕಿದ ಗಂಡೊಂದು ಹೊಟ್ಟೆ ತುಂಬ ತಿಂದು, ಬಿದ್ದ ಮರದ ಕಾಂಡದ ಮೇಲೆ ಹಾರಿ ಕೂತು ಹಾಡಿತು. ಒಂದು ಸಾಲು. ಖಾಲಿ.

ಮತ್ತೊಂದು ಸಾಲು. ಖಾಲಿ.

ಮೂರನೆಯ ಸಾಲಿನ ನಂತರ, ಕೆಳಗೆ ಎಲೆಗಳ ನಡುವೆ, ನೀಲಿ ಬಳೆಯ ಹೆಣ್ಣು ತಲೆ ಎತ್ತಿತು. ಅದರ ಗಂಟಲಿನ ಗರಿ ನಡುಗಿತು. ಒಂದು ಸದ್ದು ಬಂತು. ಇಂಪೇನೂ ಅಲ್ಲ. ಒಣ ಬಿದಿರನ್ನು ಉಗುರಿನಿಂದ ಗೀರಿದ ಹಾಗೆ, ಕೊನೆಯಲ್ಲಿ ಒಂದು ಸಣ್ಣ ಸಿಳ್ಳು.

ಶೆಂಬೋಕೊ ಅಂಬುಜಾಳ ಮುಂಗೈ ಹಿಡಿದರು. "ಇದೇನಾ ಅದು?" ಎಂದರು ಪಿಸುದನಿಯಲ್ಲಿ. "ಹಳೆಯದಾ?"

"ಗೊತ್ತಿಲ್ಲ ಡಾಕ್ಟರ್. ಹಳೆಯದನ್ನು ಕೇಳಿದವರು ಯಾರೂ ಇಲ್ಲ. ಇವಳೇ ಕಟ್ಟಿಕೊಂಡಳೋ ಏನೋ."

"ಹಾಗಾದರೆ ಇದು ಆ ಕಾಡಿನದಲ್ಲ."

ಗಂಡು ಇನ್ನೊಂದು ಸಾಲು ಹಾಡಿತು. ಹೆಣ್ಣು ಮತ್ತೆ ಗೀರಿತು. ಈ ಸಲ ನಿಲ್ಲಲಿಲ್ಲ. ಗೀರು, ಸಿಳ್ಳು, ಮತ್ತೆ ಗೀರು, ಎಲೆಯಿಂದ ಎಲೆಗೆ ಕುಪ್ಪಳಿಸುತ್ತ, ಬಾಲ ಎತ್ತುತ್ತ, ಇಳಿಸುತ್ತ. ಒಂದೂವರೆ ಉಸಿರಿನ ಜಾಗ ಮುಗಿಯಿತು. ಕಲಿಸಿದ ಲೆಕ್ಕದ ಪ್ರಕಾರ ಈಗ ಗಂಡು ಮುಂದಿನ ಸಾಲು ಎತ್ತಬೇಕು. ಅದಕ್ಕೆ ಗೊತ್ತಿದ್ದದ್ದು ಅಷ್ಟೇ. ಜೀವಮಾನದಲ್ಲಿ ಅದು ಆ ಲೆಕ್ಕ ಒಮ್ಮೆಯೂ ತಪ್ಪಿರಲಿಲ್ಲ.

ಗಂಟಲು ಉಬ್ಬಿತು, ಕೊಕ್ಕು ತೆರೆಯಿತು. ಆಮೇಲೆ ಮುಚ್ಚಿತು.

ಶೆಂಬೋಕೊ ತಡಿಕೆಯ ಸಂದಿಗೆ ಕಣ್ಣು ಹಚ್ಚಿದರು. "ಇಷ್ಟು ನಾವು ಕಲಿಸಿಲ್ಲ," ಎಂದರು. "ಮಾಮಾ, ಇಷ್ಟು ಹೊತ್ತು ನಾವು ಕಲಿಸಿಲ್ಲ."

"ಶ್," ಎಂದಳು ಹಲೀಮಾ. "ನನ್ನ ಗಂಡನಿಗೂ ಇಷ್ಟು ತಾಳ್ಮೆ ಇಲ್ಲ. ನೋಡಲು ಬಿಡಿ."

ಗಂಡು ಕಾಂಡದ ಮೇಲೆ ಒಂದು ಹೆಜ್ಜೆ ಈಚೆಗೆ ಬಂತು. ಕತ್ತು ಓರೆ ಮಾಡಿ ಕೆಳಗೆ ನೋಡಿತು. ಹಾಡಲಿಲ್ಲ. ಅವಳದು ಇನ್ನೂ ಮುಗಿದಿರಲಿಲ್ಲ.